ಮಡಿಸುವ ಚಾವಣಿಯ ಬಾಳಿಕೆ

ಬೇಕಾದಾಗ ಮಡಿಸಿ ಹಿಂದಕ್ಕೆ ಸರಿಸಬಹುದಾದ ಬಟ್ಟೆಯ ಚಾವಣಿಯುಳ್ಳ ಮೋಟಾರು ಕಾರುಗಳನ್ನು ನೀವು ಕಂಡಿರಬಹುದು. ಆ ಚಾವಣಿ ಬರಿಯ ಬಟ್ಟೆಯಲ್ಲ. ಹಲವು ಕಾರುಗಳಲ್ಲಿ ಹೊರಗೆ ಆಕ್ರಿಲಿಕ್ ನೂಲಿನ ನೇಯ್ಗೆ, ಒಳಗೆ ಇನ್ನೊಂದು ಬಟ್ಟೆ, ಇವೆರಡರ ನಡುವೆ ನೀರನ್ನು ತಡೆಯುವ ರಬ್ಬರಿನ ಪದರ ಇರುತ್ತವೆ. ಸ್ಕಾಟ್ಲೆಂಡಿನ ರಸಾಯನಜ್ಞ ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ಮಳೆಯಂಗಿಯ ಬಟ್ಟೆಗಾಗಿ ಪೇಟೆಂಟು ಪಡೆದ ಉಪಾಯವೂ ಇಂಥದೇ.

ಚಾವಣಿ ಒಮ್ಮೆಗೇ ಹರಿಯುವುದಿಲ್ಲ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ನೂಲಿನ ಉದ್ದವಾದ ಅಣುಸರಪಳಿಗಳನ್ನು ಮೆಲ್ಲಮೆಲ್ಲನೆ ತುಂಡರಿಸುತ್ತವೆ. ನೇಯ್ಗೆಯಲ್ಲಿ ಸೇರಿಕೊಂಡ ಮರಳಿನ ಕಣಗಳು ಮಡಿಸಿದಾಗಲೆಲ್ಲ ಅರದಂತೆ ನೂಲನ್ನು ಉಜ್ಜುತ್ತವೆ. ಮಡಿಕೆಯು ಯಾವಾಗಲೂ ಒಂದೇ ಗೆರೆಯಲ್ಲಿ ಬೀಳುವುದರಿಂದ ಸವೆತವೆಲ್ಲ ಅಲ್ಲಿಯೇ ಕೂಡುತ್ತದೆ.

ಆದುದರಿಂದ ಕಾರನ್ನು ನೆರಳಿನಲ್ಲಿ ನಿಲ್ಲಿಸುವುದು ಲೇಸು. ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆದು, ಸೌಮ್ಯವಾದ ಸಾಬೂನಿನ ನೀರಿನಲ್ಲಿ ತೊಳೆಯಬೇಕು. ತೀಕ್ಷ್ಣವಾದ ಮಾರ್ಜಕವು ಬಟ್ಟೆಯ ಮೇಲಿನ ಜಲನಿರೋಧಕ ಲೇಪವನ್ನು ಕಳೆಯುತ್ತದೆ. ಒದ್ದೆ ಚಾವಣಿಯನ್ನು ಮಡಿಸಿಟ್ಟರೆ ಬೂಷ್ಟು ಹಿಡಿಯುತ್ತದೆ. ಹಿಂಬದಿಯ ಕಿಟಕಿ ಮೆದು ಪ್ಲಾಸ್ಟಿಕ್ಕಿನದಾದರೆ ಕಡುಚಳಿಯಲ್ಲಿ ಅದು ಪೆಡಸಾಗುತ್ತದೆ. ಆಗ ಮಡಿಸಿದರೆ ಬಿರಿಯಬಹುದು. ಅದು ಬೆಚ್ಚಗಾಗುವವರೆಗೆ ಕಾಯಬೇಕು.

ಇಷ್ಟಾದರೂ ಎಲ್ಲಿಯೋ ಒಂದು ಸಣ್ಣ ಹರಕು ಕಾಣಿಸಿತೆನ್ನಿ. ಅದನ್ನು ಅಲಕ್ಷಿಸಬಾರದು. ಬಿಗಿದ ಬಟ್ಟೆಯ ಎಳೆತವು ಹರಕಿನ ತುದಿಯಲ್ಲಿರುವ ಕೆಲವೇ ನೂಲುಗಳ ಮೇಲೆ ಒಟ್ಟಾಗಿ ಬೀಳುತ್ತದೆ. ಅವು ಕಡಿದೊಡನೆ ಆ ಭಾರ ಮುಂದಿನ ನೂಲುಗಳಿಗೆ. ಅವೂ ಕಡಿದರೆ ಅದರ ಮುಂದಿನವಕ್ಕೆ. ಹೀಗೆ ಹರಕು ತನ್ನ ದಾರಿಯನ್ನು ತಾನೇ ಮಾಡಿಕೊಳ್ಳುತ್ತದೆ. ಬೆರಳಗಲವಿದ್ದಾಗಲೇ ತೇಪೆ ಹಾಕಿಸಿದರೆ ಇಡೀ ಚಾವಣಿ ಉಳಿಯುತ್ತದೆ.