ಪ್ರಾಸ್ಟೇಟ್ ನೋವಿಗೆಲ್ಲ ಆ್ಯಂಟಿಬಯಾಟಿಕ್ ಮದ್ದಲ್ಲ

ಪ್ರಾಸ್ಟೇಟ್ ತೊಂದರೆ ಎಂದರೆ ಅರವತ್ತು ದಾಟಿದವರದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹಾಗಾಗಿ ಮೂವತ್ತೈದರ ಗಂಡಸಿಗೆ ಉರಿಮೂತ್ರ ಶುರುವಾಗಿ, ಕೂತರೆ ಅಡಿಭಾಗದಲ್ಲಿ ನೋವೆದ್ದರೆ ಮೊದಲ ದೂರು ಉಷ್ಣದ ಮೇಲೆ. ಎಳನೀರು, ಬಾರ್ಲಿ ನೀರು, ಕಾಮಕಸ್ತೂರಿ ಬೀಜ ಎಲ್ಲ ಆಗುತ್ತದೆ. ಕಡಿಮೆಯಾಗದಿದ್ದರೆ ಮೆಡಿಕಲ್ ಶಾಪಿನವರು ಕೊಟ್ಟ ಐದು ದಿನದ ಆ್ಯಂಟಿಬಯಾಟಿಕ್. ಅದಕ್ಕೂ ಬಗ್ಗದಿದ್ದರೆ ಬಸ್ ಸ್ಟ್ಯಾಂಡಿನ ಗೋಡೆಯ ಮೇಲಿನ ‘ಗುಪ್ತರೋಗ’ ಜಾಹೀರಾತಿನ ಫೋನ್ ನಂಬರು. ಯುರಾಲಜಿಸ್ಟ್ ಬಳಿ ಹೋಗುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ.

ವಯಸ್ಸಾದಂತೆ ಪ್ರಾಸ್ಟೇಟ್ ದಪ್ಪವಾಗುವುದು ಬೇರೆ, ಅದರ ಉರಿಯೂತ ಬೇರೆ. ಉರಿಯೂತ ಐವತ್ತು ತುಂಬದವರನ್ನೂ ಧಾರಾಳವಾಗಿ ಕಾಡುತ್ತದೆ. ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ ಇರುವ ಸುಮಾರು 20 ಗ್ರಾಂ ತೂಕದ ಗ್ರಂಥಿ ಇದು. ವೀರ್ಯದ ಕಾಲು ಭಾಗದಷ್ಟು ದ್ರವ ಇಲ್ಲಿಂದಲೇ ಬರುತ್ತದೆ. ಮೂತ್ರನಾಳ ಈ ಗ್ರಂಥಿಯ ಮಧ್ಯದಿಂದಲೇ ಹಾದುಹೋಗುವುದರಿಂದ, ಅದು ಊದಿಕೊಂಡರೆ ಮೂತ್ರದ ಧಾರೆ ಸಣ್ಣದಾಗುತ್ತದೆ, ಶುರುವಾಗಲು ತಡವಾಗುತ್ತದೆ, ಹೋಗಿ ಬಂದ ಸ್ವಲ್ಪ ಹೊತ್ತಿಗೇ ಮತ್ತೆ ಅವಸರವಾಗುತ್ತದೆ. ಸಕ್ಕರೆ ಕಾಯಿಲೆಯಲ್ಲೂ ಮೂತ್ರದ ಕಲ್ಲಿನಲ್ಲೂ ಇವುಗಳಲ್ಲಿ ಕೆಲವು ಕಾಣಿಸುತ್ತವೆ. ಬರೀ ಲಕ್ಷಣ ಕೇಳಿ ಔಷಧ ಕೊಡುವುದು ಕಷ್ಟವಾಗುವುದು ಇದರಿಂದಲೇ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1995ರಲ್ಲಿ ಕರೆದ ತಜ್ಞರ ಸಭೆ ಈ ಉರಿಯೂತವನ್ನು ನಾಲ್ಕು ಗುಂಪು ಮಾಡಿತು. ವೈದ್ಯರು ಇಂದಿಗೂ ಬಳಸುವುದು ಅದನ್ನೇ.

ಮೊದಲನೆಯದು ದಿಢೀರ್ ಎರಗುವ ಸೋಂಕು. ಚಳಿ ನಡುಕದ ಜ್ವರ, ಮೈಕೈ ನೋವು, ಜೊತೆಗೆ ಮೂತ್ರ ಮಾಡುವಾಗ ಪ್ರಾಣ ಹೋಗುವಂಥ ಉರಿ. ಮಳೆಗಾಲದಲ್ಲಿ ಇದನ್ನು ಡೆಂಗಿ ಎಂದೋ ವೈರಲ್ ಜ್ವರ ಎಂದೋ ತಿಳಿಯುವುದು ಸುಲಭ, ಯಾಕೆಂದರೆ ಮೂತ್ರದ ವಿಷಯವನ್ನು ರೋಗಿ ತಾನಾಗಿ ಹೇಳುವುದಿಲ್ಲ. ಹೆಚ್ಚಿನ ಸಲ ಕಾರಣ ಇ. ಕೋಲೈ, ಅಂದರೆ ನಮ್ಮ ಕರುಳಿನಲ್ಲೇ ವಾಸವಿರುವ ಬ್ಯಾಕ್ಟೀರಿಯಾ. ಕ್ಯಾಥೆಟರ್ ಹಾಕಿಸಿಕೊಂಡವರಿಗೆ, ಪ್ರಾಸ್ಟೇಟ್ ಬಯಾಪ್ಸಿ ಆದವರಿಗೆ ಅಪಾಯ ಹೆಚ್ಚು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಗ್ರಂಥಿಯೊಳಗೆ ಕೀವುಗಟ್ಟಲೂಬಹುದು. ಈ ಹಂತದಲ್ಲಿ ಗ್ರಂಥಿಯನ್ನು ಒತ್ತಿ ಮಸಾಜ್ ಮಾಡುವಂತಿಲ್ಲ, ಮಾಡಿದರೆ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗಬಹುದು. ಜ್ವರದ ಜೊತೆ ಮೂತ್ರ ಪೂರ್ತಿ ಕಟ್ಟಿಕೊಂಡರೆ ಬೆಳಗಾಗುವ ತನಕ ಕಾಯದೆ ಆಸ್ಪತ್ರೆಗೆ ಹೋಗಬೇಕು. ಇಲ್ಲಿ ಆ್ಯಂಟಿಬಯಾಟಿಕ್ ಜೀವ ಉಳಿಸುತ್ತದೆ, ಎರಡರಿಂದ ನಾಲ್ಕು ವಾರ ಬೇಕಾಗುತ್ತದೆ. ಮೂರನೇ ದಿನ ಜ್ವರ ಬಿಟ್ಟಿತೆಂದು ಮಾತ್ರೆ ನಿಲ್ಲಿಸಿದವರಲ್ಲಿ ಕೆಲವರು ಎರಡನೇ ಗುಂಪಿಗೆ ಸೇರುತ್ತಾರೆ.

ಎರಡನೆಯದು ಬೇರೂರಿದ ಸೋಂಕು. ಅದೇ ಬ್ಯಾಕ್ಟೀರಿಯಾದಿಂದ ಮತ್ತೆ ಮತ್ತೆ ಮೂತ್ರದ ಸೋಂಕು ಬರುತ್ತದೆ, ನಡುವೆ ಆರಾಮವಾಗಿರುತ್ತದೆ. ಉರಿಯೂತ ಆರುತ್ತಿದ್ದಂತೆ ಅನೇಕ ಔಷಧಗಳು ರಕ್ತದಿಂದ ಗ್ರಂಥಿಯೊಳಗೆ ಸರಿಯಾಗಿ ಇಳಿಯುವುದಿಲ್ಲ. ಉರಿಮೂತ್ರಕ್ಕೆ ಧಾರಾಳವಾಗಿ ಬರೆದುಕೊಡುವ ನೈಟ್ರೋಫ್ಯುರಾಂಟಾಯಿನ್ ಮೂತ್ರವನ್ನು ಶುದ್ಧ ಮಾಡುತ್ತದೆ, ಗ್ರಂಥಿಯನ್ನು ಮುಟ್ಟುವುದಿಲ್ಲ. ಗ್ರಂಥಿಯೊಳಕ್ಕೆ ಚೆನ್ನಾಗಿ ಹೋಗುವುದು ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಗುಂಪು. ಆದರೆ ಭಾರತದಲ್ಲಿ ಇ. ಕೋಲೈ ಇವಕ್ಕೆ ಬಗ್ಗುವುದು ಬಹಳ ಕಡಿಮೆಯಾಗಿದೆ. ಹಾಗಾಗಿ ಮೊದಲ ಮಾತ್ರೆ ನುಂಗುವ ಮುನ್ನವೇ ಮೂತ್ರದ ಕಲ್ಚರ್‌ಗೆ ಕೊಡುವುದು ಶಾಸ್ತ್ರಕ್ಕಾಗಿ ಮಾಡುವ ಕೆಲಸವಲ್ಲ. ಮಾತ್ರೆ ತಿಂದ ಮೇಲೆ ಕೊಟ್ಟ ಸ್ಯಾಂಪಲ್‌ನಲ್ಲಿ ಏನೂ ಬೆಳೆಯದೇ ಹೋಗಬಹುದು, ಮುಂದೆಲ್ಲ ಊಹೆಯ ಚಿಕಿತ್ಸೆಯೇ. ಕೀವುಕಣಗಳು ಕಾಣುತ್ತಿದ್ದೂ ಕಲ್ಚರ್ ಪದೇ ಪದೇ ಖಾಲಿ ಬಂದರೆ ನಮ್ಮ ದೇಶದಲ್ಲಿ ಕ್ಷಯವನ್ನೂ ನೆನೆಯಬೇಕು. ಟಿಬಿ ಶ್ವಾಸಕೋಶದಲ್ಲಷ್ಟೇ ಇರುವುದಿಲ್ಲ.

ಬ್ಯಾಕ್ಟೀರಿಯಾ ಗ್ರಂಥಿಯಲ್ಲಿದೆಯೋ ಮೂತ್ರಕೋಶದಲ್ಲಿದೆಯೋ ಎಂದು ಪತ್ತೆಹಚ್ಚಲು ಮೀಯರ್ಸ್ ಮತ್ತು ಸ್ಟೇಮಿ ಎಂಬ ವೈದ್ಯರು 1968ರಲ್ಲಿ ನಾಲ್ಕು ಸ್ಯಾಂಪಲ್‌ಗಳ ಪರೀಕ್ಷೆ ವಿವರಿಸಿದರು: ಮೊದಲ ಮೂತ್ರ, ನಡುವಿನದು, ಗ್ರಂಥಿಯನ್ನು ಒತ್ತಿ ತೆಗೆದ ದ್ರವ, ಆಮೇಲಿನ ಮೂತ್ರ. ಚೆಂದದ ತರ್ಕ, ಆದರೆ ಬಿಡುವಿಲ್ಲದ ಓಪಿಡಿಯಲ್ಲಿ ಇದನ್ನು ಮಾಡುವವರು ವಿರಳ. ಒತ್ತುವ ಮೊದಲಿನ ಒಂದು, ನಂತರದ ಒಂದು, ಹೀಗೆ ಎರಡರಲ್ಲೇ ಮುಗಿಸುವ ಸರಳ ರೂಪ ಈಗ ಚಾಲ್ತಿಯಲ್ಲಿದೆ.

ಇಷ್ಟೆಲ್ಲ ಹೇಳಿದ ಮೇಲೆ ಕೇಳಿ: ಈ ಎರಡೂ ಗುಂಪು ಸೇರಿದರೂ ಹತ್ತರಲ್ಲಿ ಒಂದು ಪಾಲು ದಾಟುವುದಿಲ್ಲ. ಉಳಿದ ಹೆಚ್ಚಿನವರು ಮೂರನೇ ಗುಂಪಿನವರು. ಮೂರು ತಿಂಗಳಿಗೂ ಮೀರಿದ ನೋವು. ವೃಷಣ ಮತ್ತು ಗುದದ ನಡುವೆ, ಕಿಬ್ಬೊಟ್ಟೆಯಲ್ಲಿ, ಶಿಶ್ನದ ತುದಿಯಲ್ಲಿ, ಕೆಲವರಿಗೆ ವೀರ್ಯಸ್ಖಲನದ ನಂತರ. ಕಲ್ಚರ್‌ನಲ್ಲಿ ಏನೂ ಇಲ್ಲ, ಸ್ಕ್ಯಾನಿಂಗ್ ನಾರ್ಮಲ್. ಆದರೂ ನಮ್ಮಲ್ಲಿ ಸಿಗುವುದು ಇನ್ನೊಂದು ಕೋರ್ಸ್ ಆ್ಯಂಟಿಬಯಾಟಿಕ್. 2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬಹುಕಾಲದಿಂದ ನರಳುತ್ತಿದ್ದ 196 ಮಂದಿಗೆ ಆರು ವಾರ ಸಿಪ್ರೊಫ್ಲಾಕ್ಸಸಿನ್, ಮೂತ್ರದ ಧಾರೆ ಸಡಿಲಿಸುವ ಟ್ಯಾಮ್ಸುಲೋಸಿನ್, ಎರಡೂ ಒಟ್ಟಿಗೆ, ಅಥವಾ ಔಷಧವೇ ಇಲ್ಲದ ಹುಸಿ ಮಾತ್ರೆ ಕೊಟ್ಟು ನೋಡಿದರು. ಹುಸಿ ಮಾತ್ರೆಗಿಂತ ಯಾವುದೂ ಗಮನಾರ್ಹವಾಗಿ ಮೇಲಾಗಲಿಲ್ಲ. ಅಷ್ಟಾದರೂ ಚೀಟಿ ಬರೆಯುವ ಕೈ ಬದಲಾಗಿಲ್ಲ. ಸಿಪ್ರೊಫ್ಲಾಕ್ಸಸಿನ್ ಜಾತಿಯ ಔಷಧಗಳು ಸ್ನಾಯುರಜ್ಜುಗಳಿಗೆ ಪೆಟ್ಟು ಕೊಡಬಲ್ಲವು ಎಂಬುದನ್ನು ರೋಗಿಗೆ ಹೇಳುವವರೂ ಕಡಿಮೆ.

ಹಾಗಾದರೆ ನೋವು ಎಲ್ಲಿಂದ? ಹಲವರಲ್ಲಿ ಗ್ರಂಥಿಗಿಂತ ಅದರ ಸುತ್ತ, ಕಿಬ್ಬೊಟ್ಟೆಯ ತಳ ಹಿಡಿದಿರುವ ಸ್ನಾಯುಗಳಲ್ಲಿ. ದಿನವಿಡೀ ಮುಷ್ಟಿ ಬಿಗಿಹಿಡಿದರೆ ಬೆರಳು ನೋಯುವಂತೆ ಇವೂ ಸದಾ ಬಿಗಿದು ನೋಯುತ್ತವೆ. ಕೆಲವರಲ್ಲಿ ನರಗಳೇ ಸೂಕ್ಷ್ಮವಾಗಿ, ಮೂಲ ಕಾರಣ ಹೋದ ಮೇಲೂ ಸಂಕೇತ ಕಳಿಸುತ್ತಲೇ ಇರುತ್ತವೆ. 2009ರಲ್ಲಿ ಡೇನಿಯಲ್ ಶೋಸ್ಕೆಸ್ ಮತ್ತು ಸಂಗಡಿಗರು ಒಬ್ಬೊಬ್ಬ ರೋಗಿಯಲ್ಲೂ ಮೂತ್ರ, ಮನಸ್ಸು, ಗ್ರಂಥಿ, ಸೋಂಕು, ನರ, ಸ್ನಾಯು ಎಂಬ ಆರನ್ನೂ ಬೇರೆ ಬೇರೆಯಾಗಿ ನೋಡಿ, ಯಾವುದು ಕೆಟ್ಟಿದೆಯೋ ಅದಕ್ಕೆ ಚಿಕಿತ್ಸೆ ಕೊಡುವ ಕ್ರಮವನ್ನು ಮುಂದಿಟ್ಟರು. ಒಬ್ಬನಿಗೆ ಫಿಸಿಯೋಥೆರಪಿ, ಇನ್ನೊಬ್ಬನಿಗೆ ನರನೋವಿನ ಮಾತ್ರೆ, ಮತ್ತೊಬ್ಬನಿಗೆ ಮೂತ್ರದ ಧಾರೆ ಸಡಿಲಿಸುವ ಔಷಧ. ಬಿಸಿನೀರಿನ ಟಬ್ಬಿನಲ್ಲಿ ಕೂರುವುದರಿಂದಲೂ ಕೆಲವರಿಗೆ ಹಾಯೆನಿಸುತ್ತದೆ. ಒಂದು ಎಚ್ಚರಿಕೆ: ಯೂಟ್ಯೂಬ್ ನೋಡಿ ಕೆಗೆಲ್ ವ್ಯಾಯಾಮ ಶುರುಮಾಡಬೇಡಿ. ಅದು ಸ್ನಾಯು ಬಿಗಿಸುವ ವ್ಯಾಯಾಮ, ಇಲ್ಲಿ ಬೇಕಿರುವುದು ಸಡಿಲಿಸುವುದು.

ಪಟ್ಟಿಯಲ್ಲಿ ಮನಸ್ಸು ಇರುವುದಕ್ಕೆ ನಮ್ಮ ನೆಲದಲ್ಲಿ ಇನ್ನೊಂದು ಅರ್ಥವಿದೆ. ಧಾತು ಹೋಗುತ್ತಿದೆ, ಶಕ್ತಿ ಸೋರುತ್ತಿದೆ ಎಂಬ ಭಯದಿಂದ ಸೊರಗುವ ಯುವಕರನ್ನು ಕಂಡು ಮನೋವೈದ್ಯ ಎನ್. ಎನ್. ವಿಗ್ 1960ರಲ್ಲೇ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಮಲಬದ್ಧತೆಯಲ್ಲಿ ಮುಕ್ಕಿದಾಗ ಬರುವ ಅಂಟು ಹನಿ ಸಾಮಾನ್ಯವಾಗಿ ಪ್ರಾಸ್ಟೇಟಿನ ಸಹಜ ದ್ರವ. ಮೂತ್ರ ಬೆಳ್ಳಗೆ ಕಲಕಿದಂತೆ ಕಾಣಲು ಫಾಸ್ಫೇಟ್ ಲವಣವೂ ಸಾಕು. ಗೋಡೆ ಬರಹದ ಕ್ಲಿನಿಕ್ಕುಗಳ ವ್ಯಾಪಾರ ನಡೆಯುವುದೇ ಈ ಹನಿಯ ಮೇಲೆ. ಭಯ ಹೆಚ್ಚಿದಷ್ಟೂ ಕೆಳಗಿನ ಸ್ನಾಯು ಬಿಗಿಯುತ್ತದೆ, ನೋವು ಏರುತ್ತದೆ. ಉರಿ, ಜ್ವರ ಅಥವಾ ರಕ್ತ ಜೊತೆಗಿದ್ದರೆ ಮಾತ್ರ ಪರೀಕ್ಷೆ ಮಾಡಿಸಲೇಬೇಕು.

ನಾಲ್ಕನೇ ಗುಂಪಿಗೆ ನೋವೇ ಇಲ್ಲ, ಬೇರೆ ಯಾವುದೋ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಚಿಕಿತ್ಸೆ ಸಾಮಾನ್ಯವಾಗಿ ಬೇಡ. ಆದರೆ ಯಾವ ಉರಿಯೂತವೂ ಪ್ರಾಸ್ಟೇಟ್ ಕ್ಯಾನ್ಸರ್ ಶಂಕೆಗೆ ನೋಡುವ ರಕ್ತದ ಪಿಎಸ್‌ಎ ಅಂಕಿಯನ್ನು ಏರಿಸಬಲ್ಲದು. ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಆ ಅಂಕಿ ಕೆಂಪಕ್ಷರದಲ್ಲಿ ಬಂದ ರಾತ್ರಿ ಎಷ್ಟೋ ಮನೆಗಳಲ್ಲಿ ಕ್ಯಾನ್ಸರ್ ಎಂದೇ ನಿದ್ದೆ ಹಾಳಾಗುತ್ತದೆ. ಸೋಂಕು ವಾಸಿಯಾಗಿ ಆರರಿಂದ ಎಂಟು ವಾರ ಕಳೆದ ಮೇಲೆ ಇನ್ನೊಮ್ಮೆ ಪಿಎಸ್‌ಎ ಮಾಡಿಸಬೇಕು. ಆಗಲೂ ಇಳಿಯದಿದ್ದರೆ ಮುಂದಿನ ಪರೀಕ್ಷೆ ಏನೆಂದು ಯುರಾಲಜಿಸ್ಟ್ ಹೇಳುತ್ತಾರೆ.