ಒಂದು ರನ್‌ವೇ, ಒಂದು ಹೊತ್ತಿಗೆ ಒಂದೇ ವಿಮಾನ

ಬೆಂಗಳೂರಿನ ಉತ್ತರಕ್ಕೆ ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. 2022ರ ಜನವರಿ 7ರ ಬೆಳಿಗ್ಗೆ ಆ ನಿಲ್ದಾಣದಿಂದ ಹೊರಟ ಇಂಡಿಗೋದ ಎರಡು ವಿಮಾನಗಳು ಆಕಾಶದಲ್ಲಿ ಅಪಾಯಕಾರಿಯಾಗಿ ಹತ್ತಿರ ಬಂದವು. ಒಂದು ಕೋಲ್ಕತ್ತಕ್ಕೆ, ಇನ್ನೊಂದು ಭುವನೇಶ್ವರಕ್ಕೆ ಹೊರಟಿತ್ತು. ಎರಡರಲ್ಲೂ ಸೇರಿ 400ಕ್ಕೂ ಹೆಚ್ಚು ಜನರಿದ್ದರು.

ಆಗಿದ್ದೇನು?

ಇಲ್ಲಿ ಎರಡು ಸಮಾನಾಂತರ ರನ್‌ವೇಗಳಿವೆ. ಅಂದು ಉತ್ತರದ್ದು ಟೇಕ್‌ಆಫ್‌ಗೆ, ದಕ್ಷಿಣದ್ದು ಲ್ಯಾಂಡಿಂಗ್‌ಗೆ ಬಳಕೆಯಲ್ಲಿದ್ದವು. ದಕ್ಷಿಣದ್ದನ್ನು ಮುಚ್ಚಿ ಎರಡೂ ಕೆಲಸಕ್ಕೆ ಉತ್ತರದ್ದನ್ನೇ ಬಳಸುವ ತೀರ್ಮಾನವಾಯಿತು. ಈ ವಿಷಯ ದಕ್ಷಿಣ ರನ್‌ವೇಯನ್ನು ನೋಡಿಕೊಳ್ಳುವ ಟವರ್‌ನ ಕಂಟ್ರೋಲರ್‌ಗೆ ಮುಟ್ಟಲಿಲ್ಲ. ಎರಡೂ ರನ್‌ವೇಗಳ ಟವರ್‌ಗಳು ಒಂದೇ ಹೊತ್ತಿಗೆ ಟೇಕ್‌ಆಫ್‌ಗೆ ಅನುಮತಿ ಕೊಟ್ಟವು. ಒಂದೇ ದಿಕ್ಕಿಗೆ ಏರಿದ ವಿಮಾನಗಳು ಒಂದರತ್ತ ಒಂದು ಸಾಗತೊಡಗಿದವು. ರಾಡಾರ್ ಕಂಟ್ರೋಲರ್ ಇದನ್ನು ಕಂಡು ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ದರಿಂದ ಅನಾಹುತ ತಪ್ಪಿತು. ವಿಮಾನದೊಳಗಿನ ಡಿಕ್ಕಿ ತಡೆ ಸಾಧನವಾದ ಟಿಸಿಎಎಸ್, ನೆಲದಿಂದ ಸುಮಾರು 1000 ಅಡಿಗಿಂತ ಕೆಳಗೆ 'ಏರು, ಇಳಿ' ಎಂಬ ಸೂಚನೆ ಕೊಡುವುದಿಲ್ಲ. ಹಾಗಾಗಿ ಟೇಕ್‌ಆಫ್ ಆದ ಮೊದಲ ಕ್ಷಣಗಳಲ್ಲಿ ಕಂಟ್ರೋಲರ್‌ನ ಕಣ್ಣೇ ಆಸರೆ.

ನೆಲದ ಮೇಲಿನ ಗೆರೆ

ಅಪಾಯ ಆಕಾಶದಲ್ಲಷ್ಟೇ ಅಲ್ಲ, ನೆಲದ ಮೇಲೂ ಉಂಟು. ಅನುಮತಿಯಿಲ್ಲದೆ ವಿಮಾನವೋ ವಾಹನವೋ ವ್ಯಕ್ತಿಯೋ ರನ್‌ವೇಗೆ ನುಗ್ಗುವುದೇ ರನ್‌ವೇ ಅತಿಕ್ರಮಣ. ಇದನ್ನು ತಡೆಯಲು ಟ್ಯಾಕ್ಸಿವೇ (ರನ್‌ವೇಗೆ ಹೋಗುವ ದಾರಿ) ರನ್‌ವೇಯನ್ನು ಸೇರುವ ಮುನ್ನ ಹಳದಿ ಗೆರೆಗಳನ್ನು ಎಳೆದಿರುತ್ತಾರೆ: ಟ್ಯಾಕ್ಸಿವೇ ಕಡೆ ಎರಡು ಅಖಂಡ ಗೆರೆ, ರನ್‌ವೇ ಕಡೆ ಎರಡು ತುಂಡು ಗೆರೆ. ಅಖಂಡ ಗೆರೆಯ ಕಡೆಯಿಂದ ಬಂದವರು ಟವರ್ ಹೇಳದೆ ದಾಟುವಂತಿಲ್ಲ. ಪಕ್ಕದಲ್ಲಿ ಕೆಂಪು ಫಲಕದ ಮೇಲೆ ಬಿಳಿ ಅಂಕಿಯಲ್ಲಿ ರನ್‌ವೇ ಸಂಖ್ಯೆ ಇರುತ್ತದೆ. ದೊಡ್ಡ ನಿಲ್ದಾಣಗಳಲ್ಲಿ ಅಡ್ಡಲಾಗಿ ಕೆಂಪು ದೀಪಗಳ ಸಾಲೂ ಉಂಟು. ಅದು ಆರುವ ತನಕ ಕದಲುವಂತಿಲ್ಲ.

ಮಾತಿನ ಶಿಸ್ತು

1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಅನುಮತಿ ಸಿಗದೆಯೇ ಒಂದು ವಿಮಾನ ಓಡಲು ಶುರುಮಾಡಿತ್ತು. ಆ ಬಳಿಕ 'ಟೇಕ್‌ಆಫ್' ಎಂಬ ಪದವನ್ನು ಅನುಮತಿ ಕೊಡುವಾಗ ಅಥವಾ ರದ್ದುಮಾಡುವಾಗ ಮಾತ್ರ ಬಳಸುವ ನಿಯಮ ಬಂತು. ಉಳಿದಂತೆ 'ಡಿಪಾರ್ಚರ್' ಎನ್ನಬೇಕು. ರನ್‌ವೇಗೆ ಸಂಬಂಧಿಸಿದ ಪ್ರತಿ ಸೂಚನೆಯನ್ನೂ ಪೈಲಟ್ ಮರಳಿ ಹೇಳಬೇಕು, ತಪ್ಪಿದ್ದರೆ ಕಂಟ್ರೋಲರ್ ಅಲ್ಲೇ ತಿದ್ದಬೇಕು.

ಇಷ್ಟಿದ್ದೂ 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಕರಾವಳಿ ಕಾವಲು ಪಡೆಯ ವಿಮಾನ, ಅನುಮತಿ ಸಿಕ್ಕಿತೆಂದು ಭಾವಿಸಿ ರನ್‌ವೇಗೆ ಬಂದು ನಿಂತಿತು. ಟವರ್‌ನ ಪರದೆ ಎಚ್ಚರಿಸಿದರೂ ಕಂಟ್ರೋಲರ್ ಗಮನಿಸಲಿಲ್ಲ. ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ಅದಕ್ಕೆ ಬಡಿಯಿತು. ಕಾವಲು ಪಡೆಯ ಐವರು ಸತ್ತರು, ಪ್ರಯಾಣಿಕ ವಿಮಾನದ 379 ಮಂದಿ ಪಾರಾದರು.

ಗೆರೆ, ದೀಪ, ಪರದೆ ಎಲ್ಲವೂ ಬೇಕು. ಆದರೆ ಒಬ್ಬರ ತೀರ್ಮಾನ ಇನ್ನೊಬ್ಬರ ಕಿವಿಗೆ ಮುಟ್ಟಿದಾಗಲಷ್ಟೇ ಅವುಗಳಿಗೆ ಬೆಲೆ. ಬೆಂಗಳೂರಿನ ಘಟನೆ ಯಾವ ಲಾಗ್‌ಬುಕ್‌ನಲ್ಲೂ ದಾಖಲಾಗಿರಲಿಲ್ಲ ಎಂದು ಆಗ ವರದಿಯಾಗಿತ್ತು. ಹಾಗಾಗಕೂಡದು. ತಪ್ಪಿಹೋದ ಅಪಾಯವನ್ನೂ ಅಂಜಿಕೆಯಿಲ್ಲದೆ ದಾಖಲಿಸಲು ಸಿಬ್ಬಂದಿಗೆ ಧೈರ್ಯ ಕೊಡುವುದು ವಿಮಾನಯಾನ ವ್ಯವಸ್ಥೆಯ ಕರ್ತವ್ಯ.