ನಿಮಗಿದು ಗೊತ್ತೆ? ನಂಬರು ಅಸಲಿ, ಬಾಡಿ ಬೇರೆ!

ಅಮೆರಿಕದ ಹಳೇ ಮಸಲ್ ಕಾರುಗಳಿಗೆ ಡ್ಯಾಶ್‌ಬೋರ್ಡಿನ ನಂಬರ್ ತಗಡೇ ಜಾತಕ. 1971ರ ಪ್ಲಿಮತ್ ಕುಡಾದ ತಗಡಿನಲ್ಲಿ ಐದನೇ ಅಕ್ಷರ ‘ಆರ್’ ಇದ್ದರೆ ಕಾರ್ಖಾನೆಯಲ್ಲೇ 426 ಘನ ಅಂಗುಲದ ಹೆಮಿ ಎಂಜಿನ್ ಕೂರಿಸಿದ್ದರೆಂದು ಅರ್ಥ. ಅಂಥದ್ದೊಂದು ಕನ್ವರ್ಟಿಬಲ್ 2014ರಲ್ಲಿ ಸಿಯಾಟಲ್ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು. ಇಷ್ಟು ದುಡ್ಡಿದ್ದ ಕಡೆ ಕೈಚಳಕವೂ ಇರಬೇಕಲ್ಲ! ತುಕ್ಕು ತಿಂದ ಬಾಡಿ ಗುಜರಿಗೆ ಹಾಕಿ, ಅದರ ತಗಡನ್ನು ಸಾಮಾನ್ಯ ಮಾಡೆಲ್‌ನ ಗಟ್ಟಿ ಬಾಡಿಗೆ ಜಡಿಯುವುದೇ ‘ರೀಬಾಡಿ’. ರಿಪೇರಿಗೆ ಅನಿವಾರ್ಯವಲ್ಲದಿದ್ದರೆ ತಗಡು ಕೀಳುವುದು ಅಲ್ಲಿ ಅಪರಾಧ. ಹಾಗಾಗಿ ಬಲ್ಲವರು ಫಳಫಳಿಸುವ ಪೇಂಟಿಗೆ ಮರುಳಾಗದೆ, ಬಾನೆಟ್ ಎತ್ತಿ ರೇಡಿಯೇಟರ್ ಹಿಡಿದಿರುವ ಪಟ್ಟಿಯ ಮೇಲೆ ಒತ್ತಿರುವ ಅಂಕಿಗಳು ತಗಡಿನೊಂದಿಗೆ ತಾಳೆಯಾಗುತ್ತವೆಯೇ ಎಂದು ಟಾರ್ಚ್ ಬಿಟ್ಟು ನೋಡುತ್ತಾರೆ. ತಗಡನ್ನು ಹಿಡಿದಿರುವ ರಿವೆಟ್‌ಗಳನ್ನೂ ಪರೀಕ್ಷಿಸದೆ ಬಿಡುವುದಿಲ್ಲ.